ಆಟಿ ಹದಿನೆಂಟರ ಮರುದಿನ

ಮೊನ್ನೆ ಊರಿನಿಂದ ಬಸ್ಸಿನಲ್ಲಿ ಒಂದು ಪೊಟ್ಟಣ ಬಂತು. ಮೇಲೆ ಒದ್ದೆ ಗೋಣಿಯ ತುಂಡು, ಅದರೊಳಗೆ ಬಾಳೆಲೆ, ಬಾಳೆಲೆಯೊಳಗೆ ಮದ್ದು ಸೊಪ್ಪಿನ ಕಟ್ಟು. ಕಂಡಕ್ಟರು ಅದನ್ನು ತನ್ನ ಸೀಟಿನ ಕೆಳಗೆ ತಂಪಿನಲ್ಲಿಟ್ಟು ತಂದಿದ್ದರು. ಕೊಡುವಾಗ, ಇವತ್ತೇ ಬೇಯಿಸಿಬಿಡಿ, ನಾಳೆಗೆ ಇದು ಬರೀ ಹುಲ್ಲು ಎಂದರು. ಮೈಸೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಸ್ಟೌ ಹಚ್ಚಿ, ನೀರು ಕುದಿದ ಮೇಲೆ ಸೊಪ್ಪನ್ನು ಅದರಲ್ಲಿ ಮುಳುಗಿಸಿದೆ. ಸ್ವಲ್ಪ ಹೊತ್ತಿಗೆ ಆ ಪರಿಮಳ ಎದ್ದಿತು. ಅದನ್ನು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಮಳೆಯಲ್ಲಿ ನೆನೆದ ಹುಲ್ಲಿನ ವಾಸನೆಯೂ ಅಲ್ಲ, ಹೊಸ ಬೆಲ್ಲದ್ದೂ ಅಲ್ಲ, ಏಲಕ್ಕಿ ಸಿಪ್ಪೆಯದ್ದೂ ಅಲ್ಲ. ಮೂರಕ್ಕೂ ದೂರದ ನೆಂಟಸ್ತಿಕೆ ಇರುವಂಥದ್ದು. ನೀರು ಮೊದಲು ಹಸಿರಾಯಿತು, ಆಮೇಲೆ ನೇರಳೆಯಾಯಿತು, ಕಡೆಗೆ ಮಸಿಯಂತೆ ಕಪ್ಪಾಯಿತು. ನಾನು ಸೌಟು ಹಿಡಿದುಕೊಂಡು ಪಾತ್ರೆಯ ಮುಂದೆ ಸುಮ್ಮನೆ ನಿಂತಿದ್ದೆ.

ಆ ಪರಿಮಳಕ್ಕೆ ನನಗೆ ಮೊದಲು ನೆನಪಾಗುವುದು ನಮ್ಮ ಮನೆಯಲ್ಲ, ಮಿಸ್ಸಮ್ಮನ ಬಂಗಲೆ. ನಾಪೋಕ್ಲಿನಿಂದ ಆಚೆ, ಗದ್ದೆಬಯಲು ಮುಗಿದು ಕಾಫಿ ತೋಟ ಶುರುವಾಗುವ ಏರಿನ ಮೇಲೆ ಮಿಷನ್ನಿನವರ ಹೆಣ್ಣುಮಕ್ಕಳ ಶಾಲೆ ಇತ್ತು. ಏಳನೆಯ ತರಗತಿಯವರೆಗೆ ಮಾತ್ರ. ಶಾಲೆಯ ಬೆನ್ನಿಗೆ ಹೆಂಚಿನ ಬಂಗಲೆ, ಬಂಗಲೆಯ ಒಂದು ಪಕ್ಕದಲ್ಲಿ ಉದ್ದನೆಯ ಕೋಣೆ. ಮಳೆಗಾಲದಲ್ಲಿ ಹೊಳೆ ಏರಿ ಪಾಲ ದಾಟುವುದು ಕಷ್ಟವಾದಾಗ, ಆಚೆ ದಡದ ಮನೆಗಳ ನಾವು ಕೆಲವು ಹುಡುಗಿಯರು ಆ ಕೋಣೆಯಲ್ಲಿ ಉಳಿಯುತ್ತಿದ್ದೆವು. ಪಾಲವೆಂದರೆ ಎರಡು ಮರದ ದಿಮ್ಮಿ, ಹಿಡಿಯಲು ಒಂದು ಬಿದಿರು. ಶಾಲೆ ನಡೆಸುತ್ತಿದ್ದ ಮಿಸ್ಸಮ್ಮನಿಗೆ ಒಂದು ಹೆಸರಿತ್ತು, ಎಲ್ಸ್‌ಬೆತ್ ಎಂದು. ಅದನ್ನು ಯಾರೂ ಬಳಸಲಿಲ್ಲ. ಅವರು ಸ್ವಿಟ್ಜರ್ಲೆಂಡಿನ ಯಾವುದೋ ಬೆಟ್ಟದ ಹಳ್ಳಿಯವರು, ಹೈನು ಮಾಡುವವರ ಮನೆಯ ಮಗಳು. ಎತ್ತರದ ಹೆಂಗಸು, ಮೂಗಿನ ಮೇಲೆಲ್ಲ ಕಂದು ಚುಕ್ಕೆಗಳು, ಜಡೆಯನ್ನು ತಲೆಯ ಸುತ್ತ ಸಿಂಬಿಯಂತೆ ಸುತ್ತಿ ಪಿನ್ನು ಚುಚ್ಚುತ್ತಿದ್ದರು. ಕನ್ನಡವನ್ನು ಮಂಗಳೂರಿನಲ್ಲಿ ಒಬ್ಬ ಪಂಡಿತರಿಂದ ಕಲಿತು ಪರೀಕ್ಷೆ ಮುಗಿಸಿಕೊಂಡು ಬಂದಿದ್ದರು. ಆದ್ದರಿಂದ ಪುಸ್ತಕ ತೆರೆದಿಟ್ಟುಕೊಂಡು ಓದಿದ ಹಾಗೆ ಮಾತಾಡುತ್ತಿದ್ದರು. ಎಲ್ಲರಿಗೂ ಬಹುವಚನ. ನಮಗೂ ನೀವು, ಹಟ್ಟಿಯ ಕರುವಿಗೂ ನೀವು. ಒಮ್ಮೆ ನಮ್ಮ ಮನೆಗೆ ಬಂದವರು ಅಂಗಳದ ನಾಯಿಗೆ, ದಯವಿಟ್ಟು ದಾರಿ ಬಿಡಿ ಎಂದದ್ದನ್ನು ನನ್ನ ಅಜ್ಜಿ ಊರಿಗೆಲ್ಲ ಹೇಳಿ ನಗಿಸಿದ್ದರು. “ಈಗ ನಾವು ಕರ್ದರೆ ಆ ನಾಯಿ ಬರ್ದಿಲ್ಲೆ. ಅದಕ್ಕೆ ಮರ್ಯಾದೆ ಕೊಟ್ಟು ಮಾತಾಡೊಕು.”

ಮಿಸ್ಸಮ್ಮನ ದಿನ ಕತ್ತಲಿರುವಾಗಲೇ ಶುರುವಾಗುತ್ತಿತ್ತು. ನಾವು ಕಂಬಳಿಯೊಳಗಿದ್ದಾಗ ಅವರ ಕೋಣೆಯ ಬಾಗಿಲ ಕೆಳಗೆ ದೀಪದ ಗೆರೆ ಕಾಣುತ್ತಿತ್ತು. ಆಮೇಲೆ ಮರದ ಅಟ್ಟೆಯ ಚಪ್ಪಲಿಯ ಸದ್ದು, ಬಾವಿಕಟ್ಟೆಯಲ್ಲಿ ನೀರಿನ ಸದ್ದು, ಕಡೆಗೆ ವರಾಂಡದಲ್ಲಿ ತೂಗುಹಾಕಿದ ಕಬ್ಬಿಣದ ತುಂಡಿಗೆ ಹೊಡೆದ ಗಂಟೆ. ಎದ್ದು ಹೋದರೆ ವರಾಂಡದ ತುದಿಯಲ್ಲಿ ಆಗಲೇ ಮದ್ದಿಗೆ ಬಂದವರು ಕುಳಿತಿರುತ್ತಿದ್ದರು. ತೋಟದ ಕೂಲಿ ಲೈನುಗಳಿಂದ ಬಂದ, ಕಾಫಿ ಕೊಯ್ಯುವ ಪಿಕ್ಕಿಂಗ್ ಹೆಂಗಸರು, ಜಿಗಣೆ ಕಚ್ಚಿ ಹುಣ್ಣಾದ ಕಾಲುಗಳು, ಕೆಮ್ಮುವ ಕೂಸುಗಳು. ತಮಿಳು, ಮಲಯಾಳ, ಕೊಡವ ಭಾಷೆ, ನಮ್ಮ ಅರೆಭಾಷೆ ಎಲ್ಲವೂ ಒಟ್ಟಿಗೆ ಕೇಳುತ್ತಿದ್ದವು. ಮಿಸ್ಸಮ್ಮ ಎಲ್ಲದಕ್ಕೂ ತಮ್ಮ ಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟು, ಅಯೊಡಿನ್ ಹಚ್ಚಿ, ಮಾತ್ರೆ ನುಂಗಿಸಿ ಕಳಿಸುತ್ತಿದ್ದರು. ಆಮೇಲೆ ಶಾಲೆ. ಕಾಫಿ ಬೀಜ ಎಣಿಸಿ ಲೆಕ್ಕ, ಹಾರ್ಮೋನಿಯಂ ಜೊತೆ ಹಾಡು, ಮಧ್ಯಾಹ್ನದ ಮೇಲೆ ಹೊಲಿಗೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಹೊಸತು. ಗೋಡೆಯ ನಕ್ಷೆಯಲ್ಲಿ ಕೊಡಗು ಬೇರೆ ಬಣ್ಣದ ಒಂದು ಸಣ್ಣ ತೇಪೆಯಾಗಿತ್ತು. ಹೊಸ ನಕ್ಷೆ ಬರುವವರೆಗೆ ಕಾಯದೆ ಮಿಸ್ಸಮ್ಮ ಏಣಿ ಹತ್ತಿ, ನೀರುಬಣ್ಣದಲ್ಲಿ ಅದನ್ನು ಮೈಸೂರಿನ ಬಣ್ಣಕ್ಕೆ ತಿರುಗಿಸಿದರು. ಹಳೆಯ ಬಣ್ಣ ಅಡಿಯಿಂದ ಸ್ವಲ್ಪ ಕಾಣುತ್ತಲೇ ಇತ್ತು. ಪರವಾಗಿಲ್ಲ, ನಾವೂ ಹಾಗೆಯೇ ಇರುತ್ತೇವೆ ಎಂದಿದ್ದರು. ಅದರ ಅರ್ಥ ನನಗೆ ಆಗ ಆಗಿರಲಿಲ್ಲ.

ಅಡುಗೆಮನೆ ಸಲೋಮಕ್ಕನದು. ಅವರು ಮಂಗಳೂರಿನ ಕಡೆಯವರು, ಗಂಡ ಸತ್ತ ಮೇಲೆ ಮಿಷನ್ನಿನ ಕೆಲಸಕ್ಕೆ ಬಂದು ಬಂಗಲೆಯಲ್ಲೇ ಮುದುಕಿಯಾದವರು. ಶನಿವಾರ ರೊಟ್ಟಿ ಸುಡುವ ದಿನ. ಹಿಟ್ಟು ಹುದುಗಲು ಬೈನೆ ಮರದ ಕಳ್ಳು ಬೇಕು. ಅದಕ್ಕೆಂದು ಸಲೋಮಕ್ಕ ತಲೆಗೆ ಸೆರಗು ಎಳೆದುಕೊಂಡು ಕಳ್ಳಿನವನ ಗುಡಿಸಲಿಗೆ ಹೋಗುತ್ತಿದ್ದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಕೇಳದೆಯೇ, ರೊಟ್ಟಿಗೆ ಮಾರಾಯ್ರೆ, ರೊಟ್ಟಿಗೆ ಎನ್ನುತ್ತಿದ್ದರು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಮೇಲೆ ಕೆಳಗೆ ಕೆಂಡವಿಟ್ಟು ಸುಟ್ಟ ಆ ರೊಟ್ಟಿಯ ಹುಳಿವಾಸನೆ ಒದ್ದೆ ಬಟ್ಟೆಗಳ ವಾಸನೆಯೊಂದಿಗೆ ಬೆರೆಯುತ್ತಿತ್ತು. ಮಳೆಗಾಲದಲ್ಲಿ ನಮ್ಮ ಲಂಗಗಳೂ ಮಿಸ್ಸಮ್ಮನ ಉದ್ದನೆಯ ಕಾಲುಚೀಲಗಳೂ ಒಂದೇ ಬಿದಿರಿನ ಬುಟ್ಟಿಯ ಮೇಲೆ, ಕೆಂಡದ ಕಾವಿಗೆ ಒಣಗುತ್ತಿದ್ದವು. ಸಂಜೆ ಪ್ರಾರ್ಥನೆ. ನಮಗೆ ಕೂರಲೇಬೇಕೆಂದಿರಲಿಲ್ಲ. ಕೂರದವರು ಪಕ್ಕದ ಕೋಣೆಯಲ್ಲಿ ಬೀನ್ಸು ಸೋಸಬಹುದು ಎಂದು ಮಿಸ್ಸಮ್ಮ ಮೊದಲ ದಿನವೇ ಅಜ್ಜಿಗೆ ಹೇಳಿದ್ದರು. ನಾನು ಸಾಮಾನ್ಯವಾಗಿ ಬಾಗಿಲ ಬಳಿ ಕುಳಿತು ಎರಡೂ ಮಾಡುತ್ತಿದ್ದೆ.

ನಾನು ಏಳನೆಯ ತರಗತಿಯಲ್ಲಿದ್ದ ವರ್ಷದ ಮಾತಿದು. ಏಳು ಮುಗಿದರೆ ಮುಂದೆ ಹೈಸ್ಕೂಲಿಗೆ ಮಡಿಕೇರಿಗೇ ಹೋಗಬೇಕು, ಅಲ್ಲಿ ಹಾಸ್ಟೆಲಿನಲ್ಲಿರಬೇಕು. ನಮ್ಮ ಮನೆಯಲ್ಲಿ ಹುಡುಗಿಯರು ಅಲ್ಲಿಯವರೆಗೆ ಹೋದದ್ದಿಲ್ಲ. ದೊಡ್ಡಪ್ಪನ ಮಗಳು ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದವಳು, ಏಳು ಮುಗಿಸಿ ಮನೆಯಲ್ಲೇ ಉಳಿದಿದ್ದಳು. ನಮ್ಮಲ್ಲಿ ತೀರ್ಮಾನ ಅಜ್ಜಿಯದು. ಅಪ್ಪ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದರೂ ಮನೆಯೊಳಗೆ ಅವರ ಮಾತು ಮೆತ್ತಗೆ. ಮಿಸ್ಸಮ್ಮ ಆ ಬೇಸಿಗೆಯಲ್ಲಿ ಎರಡು ಸಲ ನಮ್ಮ ಮನೆಗೆ ಬಂದು, ಈ ಹುಡುಗಿಯನ್ನು ಮುಂದೆ ಓದಿಸಬೇಕು ಎಂದು ಕೇಳಿದ್ದರು. ಎರಡು ಸಲವೂ ಅಜ್ಜಿ ಅವರಿಗೆ ಬೆಲ್ಲದ ಕಾಫಿ ಕೊಟ್ಟು, ಗೂಡೆ ಓದಿ ಎಂತ ಮಾಡ್ದು, ಹುಡುಗಿಗೆ ಯಾಕೆ ಓದು ಎಂದು ನಕ್ಕು, ಮಾತನ್ನು ಹಸುವಿನ ಕಡೆಗೆ ತಿರುಗಿಸಿದ್ದರು. ಹಸುವಿನ ವಿಷಯದಲ್ಲಿ ಇಬ್ಬರಿಗೂ ಬಹಳ ಹೇಳುವುದಿರುತ್ತಿತ್ತು. ಹಿಂದಿರುಗುವಾಗ ಮಿಸ್ಸಮ್ಮ ನನಗೆ, ನಿಮ್ಮ ಅಜ್ಜಿ ಒಳ್ಳೆಯವರು, ಅವಸರ ಮಾಡಬಾರದು, ನಮಗೆ ಸಮಯವಿದೆ ಎಂದರು. ನನಗೆ ಸಮಯವಿದೆ ಎನ್ನಿಸಿರಲಿಲ್ಲ. ನನಗೆ ಎಂದೋ ತೀರ್ಮಾನವಾಗಿಹೋದಂತೆ ಅನ್ನಿಸುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆಟಿ ತಿಂಗಳ ಹದಿನೆಂಟನೆಯ ದಿನ ನಮ್ಮಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಕೊಡವರು ಅದನ್ನೇ ಕಕ್ಕಡ ಹದಿನೆಂಟು ಎನ್ನುತ್ತಾರೆ. ಬೇಲಿಯ ಬದಿಯಲ್ಲಿ ವರ್ಷವೆಲ್ಲ ಸುಮ್ಮನೆ ಬೆಳೆದಿರುವ ಆ ಗಿಡಕ್ಕೆ ಆ ಒಂದು ದಿನ ಹದಿನೆಂಟು ಬಗೆಯ ಮದ್ದು ಬಂದು ಸೇರುತ್ತದೆ, ಪರಿಮಳ ಬರುವುದೂ ಅದಕ್ಕೇ ಎಂದು ನಂಬಿಕೆ. ಸೊಪ್ಪು ಬೇಯಿಸಿದ ಕಪ್ಪು ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಹಾಕುತ್ತಾರೆ. ಸುರಿಯುವ ಮಳೆಯಲ್ಲಿ ನಾಟಿ ಮಾಡಿ ದಣಿದ ಮೈಗೆ ಕಾವು. ಅದನ್ನು ತಿಂದವರಿಗೆ ಮರುದಿನ ಮೂತ್ರ ಕೆಂಪಗೆ, ರಕ್ತದ ಹಾಗೆ ಹೋಗುತ್ತದೆ. ಇದನ್ನು ಬರೆಯಲು ನನಗೆ ಸಂಕೋಚವಿದೆ, ಆದರೆ ಬರೆಯದೆ ಮುಂದಿನದು ಹೇಳಲಾಗುವುದಿಲ್ಲ. ನಮಗೆ ಅದು ಮದ್ದು ಹಿಡಿದಿದೆ ಎಂಬುದರ ಗುರುತು. ಮರುದಿನ ಬೆಳಿಗ್ಗೆ ಮಕ್ಕಳು ಒಬ್ಬರನ್ನೊಬ್ಬರು ಕೇಳಿಕೊಂಡು ನಗುತ್ತೇವೆ. ದೊಡ್ಡವರು ಆ ಮಾತೇ ಎತ್ತುವುದಿಲ್ಲ. ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಏಕೆಂದರೆ ಗೊತ್ತಿಲ್ಲದವರು ಒಬ್ಬರಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಆ ದಿನ ನಮ್ಮನ್ನೆಲ್ಲ ಮನೆಗೆ ಕಳಿಸಿದ್ದರು. ಸಂಜೆ ಮಳೆ ಸ್ವಲ್ಪ ಹೊಳವಾದಾಗ ಅಪ್ಪ ನನ್ನನ್ನೂ ಉಳಿದ ಹುಡುಗಿಯರನ್ನೂ ಪಾಲ ದಾಟಿಸಿ ಬಂಗಲೆಗೆ ಬಿಟ್ಟರು. ಅಜ್ಜಿ ಹಿಡಿಯಿರುವ ಒಂದು ತೂಕು ಪಾತ್ರೆ ತುಂಬ ಪಾಯಸ ಕೊಟ್ಟು ಕಳಿಸಿದ್ದರು. ಹಿಂದಿನ ಮಳೆಗಾಲದಲ್ಲಿ ಮಿಸ್ಸಮ್ಮ ಇನ್ನೂ ಮಂಗಳೂರಿನಲ್ಲಿ ಕನ್ನಡ ಕಲಿಯುತ್ತಿದ್ದರು. ಇದು ಅವರಿಗೆ ಕೊಡಗಿನ ಮೊದಲ ಆಟಿ. ಬಟ್ಟಲಿಗೆ ಬಡಿಸಿದ ನೇರಳೆ ಬಣ್ಣವನ್ನು ದೀಪದ ಹತ್ತಿರ ಹಿಡಿದು ನೋಡಿ, ಇಷ್ಟು ಸುಂದರವಾದ ಊಟವನ್ನು ನಾನು ನೋಡಿಲ್ಲ ಎಂದರು. ಎರಡನೆಯ ಸಲ ಹಾಕಿಸಿಕೊಂಡರು. ಸಲೋಮಕ್ಕನೂ ತಿಂದರು, ನಾವು ಮನೆಯಲ್ಲಿ ತಿಂದಿದ್ದವರು ಮತ್ತೆ ತಿಂದೆವು.

ಮರುದಿನ ಬೆಳಿಗ್ಗೆ ಏನಾಯಿತೆಂಬುದನ್ನು ನಾನು ನೋಡಿದ್ದು ಹೊರಗಿನಿಂದ. ಒಳಗಿನದನ್ನು ಮಿಸ್ಸಮ್ಮ ನಾನು ಬಿ.ಎ. ಓದುವಾಗ ಒಂದು ಮಧ್ಯಾಹ್ನ, ಹೊಲಿಗೆ ಬಿಚ್ಚುತ್ತ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದರು. ಬಂಗಲೆಯ ಬಚ್ಚಲಿನಲ್ಲಿ ಬಿಳಿ ಎನಾಮಲ್ ಪಾತ್ರೆ ಇಡುತ್ತಿದ್ದರು. ಆ ಬಿಳಿಯ ಮೇಲೆ ಅವರು ಕಂಡದ್ದು ಕಡುಗೆಂಪು. ಶಾಲೆಯ ಹಿಂದಿನ ದಿಬ್ಬದಲ್ಲಿ, ಆ ಶಾಲೆ ಕಟ್ಟಿಸಿದ ಮೊದಲ ಮಿಸ್ಸಮ್ಮನ ಗೋರಿ ಇತ್ತು. ಆಕೆ ಕಾಡುಜ್ವರದಿಂದ ತೀರಿಕೊಂಡವರು. ಮಲೇರಿಯಾ ಕೆಟ್ಟರೆ ಬರುತ್ತಿದ್ದ, ಮೂತ್ರ ರಕ್ತದಂತಾಗಿ ಕೆಲವೇ ದಿನಗಳಲ್ಲಿ ಕೊಲ್ಲುವ ಜ್ವರ. ಹೊರಡುವ ಮೊದಲು ತರಬೇತಿಯಲ್ಲಿ ಇವರಿಗೆ ಅದರ ಲಕ್ಷಣ ಹೇಳಿಕೊಟ್ಟಿದ್ದರು. ಜ್ವರ ಬಂದಿಲ್ಲ, ಇನ್ನು ಬರುತ್ತದೆ ಎಂದುಕೊಂಡರಂತೆ. ಭಯವಾಯಿತೇ ಎಂದು ಕೇಳಿದೆ. ಭಯಪಡಲು ಮೊದಲ ಗಂಟೆ ಹೊಡೆಯುವವರೆಗೆ ಮಾತ್ರ ಸಮಯ ಸಿಕ್ಕಿತು ಎಂದರು.

ಆ ಬೆಳಿಗ್ಗೆ ಅವರು ಪಾತ್ರೆಯನ್ನು ತಾವೇ ತೊಳೆದಿಟ್ಟರು. ಭಾನುವಾರಕ್ಕೆಂದು ಇಟ್ಟಿದ್ದ ಬೂದುಬಣ್ಣದ ಉಡುಪು ಹಾಕಿಕೊಂಡು ಬಂದು ಗಂಟೆ ಹೊಡೆದರು. ಬಾವಿಕಟ್ಟೆಯ ಹತ್ತಿರ ನಾವು, ನಿಂದು ಕೆಂಪಾತಾ, ನಂದಾತು ಎಂದು ಪಿಸುಗುಡುತ್ತ ನಗುತ್ತಿದ್ದಾಗ ಹತ್ತಿರ ಬಂದರು, ನಾವು ಗಪ್ಪಾದೆವು. ಎಂದಿನಂತೆ, ಗುಟ್ಟು ಮಾತಾಡುವುದು ಸಭ್ಯತೆಯಲ್ಲ ಎನ್ನಬೇಕಾದವರು ನಮ್ಮೊಬ್ಬೊಬ್ಬರ ತಲೆಯನ್ನೂ ಒಮ್ಮೆ ಮುಟ್ಟಿ ಹೋದರು. ಅಡುಗೆಮನೆಗೆ ಹೋಗಿ ತಮ್ಮ ಉಣ್ಣೆಯ ಶಾಲನ್ನು ಸಲೋಮಕ್ಕನ ಹೆಗಲಿಗೆ ಹೊದಿಸಿದರು. ಊರಿನಿಂದ ಹೊರಡುವಾಗ ಅವರ ತಾಯಿ ಹೆಣೆದು ಕೊಟ್ಟಿದ್ದ ಶಾಲು. ಸಲೋಮಕ್ಕ ಮಿಸ್ಸಮ್ಮನಿಗೆ ವರ್ಗವಾಗಿದೆ ಎಂದುಕೊಂಡು, ಶಾಲು ಹೊದ್ದುಕೊಂಡೇ ಒಲೆಯ ಮುಂದೆ ಕುಳಿತು ಅತ್ತರು. ತರಗತಿಯಲ್ಲಿ ಮಿಸ್ಸಮ್ಮ ಬಾಯಲ್ಲಿ ಥರ್ಮಾಮೀಟರು ಇಟ್ಟುಕೊಂಡೇ ನಮ್ಮ ಸ್ಲೇಟುಗಳನ್ನು ತಿದ್ದಿದರು. ತೆಗೆದು ನೋಡುವರು, ಒರೆಸುವರು, ಮತ್ತೆ ಇಟ್ಟುಕೊಳ್ಳುವರು. ನಮಗೆ ನಗು ತಡೆಯಲಾಗಲಿಲ್ಲ. ಭೂಗೋಳದ ಪಾಠ ಇರದಿದ್ದರೂ ಗೋಲವನ್ನು ತರಿಸಿ, ಬೆರಳಿಟ್ಟು, ಇದು ನಾನು ಹುಟ್ಟಿದ ಜಾಗ, ಇಲ್ಲಿ ಹಿಮ ಬೀಳುತ್ತದೆ, ಇಲ್ಲಿಯೂ ಹಸುಗಳಿಗೆ ಗಂಟೆ ಕಟ್ಟುತ್ತಾರೆ ಎಂದರು. ಊಟದ ಬಿಡುವಿನಲ್ಲಿ ದಿಬ್ಬಕ್ಕೆ ಹೋಗಿ, ಮಳೆಯಲ್ಲೇ ಮೊಣಕಾಲೂರಿ ಗೋರಿಯ ಕಲ್ಲಿನ ಹಾವಸೆಯನ್ನು ಒಂದು ಚಿಪ್ಪಿನಿಂದ ಕೆರೆಯುವುದನ್ನು ಕಿಟಕಿಯಿಂದ ನೋಡಿದೆ. ಆಗ ಮಾತ್ರ ನನಗೆ ನಗು ಬರಲಿಲ್ಲ.

ಶಾಲೆ ಬಿಟ್ಟ ಮೇಲೆ ನನ್ನನ್ನು ಕರೆದು, ನಿಮ್ಮ ಅಜ್ಜಿಯ ಹತ್ತಿರ ಹೋಗೋಣ ಎಂದರು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಯಾವಾಗಲೂ ಪಾಲದ ಮೇಲೆ ಅಂಜಿ ಅಂಜಿ ಹೆಜ್ಜೆಯಿಡುತ್ತಿದ್ದವರು ಅವತ್ತು ಬಿದಿರನ್ನು ಹಿಡಿಯದೆ ದಾಟಿದರು. ಗದ್ದೆಯಲ್ಲಿ ಮಳೆಗೆ ಎಲೆಯ ಗೊರಬೆ ಹೊದ್ದು ನಾಟಿ ಮಾಡುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಗದ್ದೆಯ ಬದುವಿನ, ಅಂದರೆ ಹುಣಿಯ, ಮೇಲೆ ನಾನು ಮುಂದೆ, ಅವರು ಹಿಂದೆ ನಡೆದೆವು.

ಅಜ್ಜಿ ಒಳ ಜಗಲಿಯಲ್ಲಿ, ತೂಗುದೀಪದ ಕೆಳಗೆ ಹಲಸಿನ ಬೀಜ ಸಿಪ್ಪೆ ತೆಗೆಯುತ್ತಿದ್ದರು. ಬನ್ನಿ, ಕುದ್ರಿ ಎಂದು ಚಾಪೆ ಸರಿಸಿದರು. ಮಿಸ್ಸಮ್ಮ ಒದ್ದೆ ಉಡುಪಿನಲ್ಲೇ ಕುಳಿತು, ಪೀಠಿಕೆಯಿಲ್ಲದೆ ಹೇಳಿದರು. “ಅಜ್ಜಿ, ನನಗೆ ಕಾಯಿಲೆ ಬಂದಿದೆ. ನಾನು ಇನ್ನು ಬಹಳ ದಿನ ಇರುವುದಿಲ್ಲ. ಅವಸರ ಮಾಡಬಾರದೆಂದು ಇದ್ದೆ, ಈಗ ಸಮಯವಿಲ್ಲ. ಈ ಹುಡುಗಿಯನ್ನು ಮಡಿಕೇರಿಗೆ ಕಳಿಸುತ್ತೇನೆಂದು ಹೇಳಿ. ನಾನು ಕೇಳುವುದು ಇದೊಂದೇ.”

ಅಜ್ಜಿಯ ಕೈಯಲ್ಲಿದ್ದ ಕತ್ತಿ ನಿಂತಿತು. ಅವರು ಮಿಸ್ಸಮ್ಮನ ಮುಖ ನೋಡಿದರು, ಕೆರೆದು ಕೆರೆದು ಹಸಿರಾಗಿದ್ದ ಉಗುರುಗಳನ್ನು ನೋಡಿದರು. ನಮ್ಮ ಮನೆಯಲ್ಲಿ ಆ ತೂಗುದೀಪದ ಮುಂದೆ ಸುಳ್ಳು ಹೇಳುವಂತಿಲ್ಲ. ವ್ಯಾಜ್ಯಗಳೂ ಮದುವೆಗಳೂ ಅದರ ಕೆಳಗೇ ತೀರುತ್ತಿದ್ದವು. ಯಾರೂ ಕೇಳದಿದ್ದರೂ ಅಜ್ಜಿ ಎದ್ದು ನಿಂತು ದೀಪದ ಸರಪಳಿ ಮುಟ್ಟಿ ಮಾತು ಕೊಟ್ಟರು. “ಓದ್ಸಿನೆ. ಈ ದೀಪ ನೋಡ್ತುಟ್ಟು.” ಆಮೇಲೆ ಕುಳಿತು, ಮಿಸ್ಸಮ್ಮನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ನನಗೆ ಕಾಫಿ ತರಲು ಹೇಳಿ ಒಳಗೆ ಕಳಿಸಿದರು. ಜಗಲಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ.

ಎಂತ ಸೀಕು ಎಂದು ಅಜ್ಜಿ ಕೇಳಿದ್ದು ಕೇಳಿಸಿತು. ಮಿಸ್ಸಮ್ಮ, ಮೊದಲ ಮಿಸ್ಸಮ್ಮನಿಗೆ ಬಂದದ್ದೇ ಎಂದರು. ಚಳಿಜ್ವರ ಉಟ್ಟಾ ಎಂದರೆ ಇಲ್ಲ, ಸಂಜೆಗೆ ಬರುತ್ತದೆ ಎಂದರು. “ಬರ್ತೆ ಅಂತ ಜ್ವರ ಮೊದ್ಲೇ ಹೇಳಿ ಕಳ್ಸುಟ್ಟಾ?” ಎಂದರು ಅಜ್ಜಿ. ಕಡೆಗೆ ಮಿಸ್ಸಮ್ಮ ತಮ್ಮ ಪುಸ್ತಕದ ಕನ್ನಡದಲ್ಲಿ, ಬಹಳ ಮೆಲ್ಲಗೆ, ಬೆಳಿಗ್ಗೆ ಕಂಡದ್ದನ್ನು ಹೇಳಿದರು.

ಅಜ್ಜಿ ಕೂಡಲೇ ನಗಲಿಲ್ಲ. ಅದನ್ನು ನಾನು ಈಗಲೂ ನೆನೆಯುತ್ತೇನೆ. ಪಾಯಸ ತಿಂದರಾ ಎಂದು ಮೊದಲು ಕೇಳಿದರು, ಹುಷಾರಿಲ್ಲದ ಕೂಸನ್ನು ಕೇಳುವ ಹಾಗೆ. ತಿಂದೆ, ಎರಡು ಸಲ ಹಾಕಿಸಿಕೊಂಡೆ, ನಿಮಗೆ ವಂದನೆ ಹೇಳಲು ಮರೆತೆ ಎಂದರು ಮಿಸ್ಸಮ್ಮ. ಹಲಗೆಯ ಸಂದಿನಿಂದ ನೋಡಿದೆ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು, ಭುಜಗಳು ಕುಲುಕುತ್ತಿದ್ದವು, ಕಣ್ಣಿನಿಂದ ನೀರು ಇಳಿಯುತ್ತಿತ್ತು. “ಹಂಗಾರೆ ನಾನೂ ಸಾಯುವವಳೇ ಮಿಸ್ಸಮ್ಮ. ನನ್ನ ಮಗನೂ ಸಾಯುವವನೇ. ಒಳಗೆ ಕದ್ದು ಕೇಳ್ತಿರುವ ಆ ಗೂಡೆಯೂ. ತಲಕಾವೇರಿಂದ ಬಾಳೆಲೆ ಊರುವರೆಗೆ ಇವತ್ತ್ ಒಬ್ಬರೂ ಉಳಿಯುದಿಲ್ಲೆ.”

ಮದ್ದು ಸೊಪ್ಪಿನ ವಿಷಯವನ್ನು ಅಜ್ಜಿ ಬಿಡಿಸಿ ಹೇಳಿದರು. ಮಿಸ್ಸಮ್ಮನ ಮುಖ ಕಿವಿಯವರೆಗೆ ಕೆಂಪಾಯಿತು. ಆಮೇಲೆ ಅವರೂ ನಗತೊಡಗಿದರು. ಮೊದಲು ಸದ್ದಿಲ್ಲದೆ, ಆಮೇಲೆ ಜಡೆಯ ಪಿನ್ನು ಸಡಿಲವಾಗಿ ಸಿಂಬಿ ಜಾರುವಷ್ಟು. ಆ ನಗುವಿನ ನಡುವೆ ಎಲ್ಲೋ ಅದು ಅಳುವಾಯಿತು. ಅಜ್ಜಿ ಸುಮ್ಮನೆ ಅವರ ಬೆನ್ನು ಸವರುತ್ತಿದ್ದರು. ಬೆಳಗಿನಿಂದ ಒಬ್ಬರೇ ಹೊತ್ತುಕೊಂಡಿದ್ದದ್ದು ಆಗ ಇಳಿಯಿತೆಂದು ಈಗ ತಿಳಿಯುತ್ತದೆ. ಅವತ್ತು ನಾನು ಒಲೆಯ ಮುಂದೆ, ಆರುತ್ತಿದ್ದ ಕಾಫಿಯನ್ನು ಹಿಡಿದುಕೊಂಡು, ಬೇರೆಯೇ ಒಂದು ಮಾತಿಗೆ ಕಾಯುತ್ತಿದ್ದೆ. ಸಾಯುವವರಿಗೆಂದು ಕೊಟ್ಟ ಮಾತು ಈಗ ಏನಾಯಿತು? ಮಿಸ್ಸಮ್ಮ ಅದನ್ನು ಮರೆಯಲಿ, ಎತ್ತದಿರಲಿ ಎಂದು ಬೇಡಿಕೊಂಡೆ. ಆದರೆ ಅವರು ಅಂಥವರಲ್ಲ. ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತು ಹೇಳಿದರು. “ಅಜ್ಜಿ, ನಾನು ಸಾಯುವುದಿಲ್ಲವಾದ್ದರಿಂದ ನೀವು ನಿಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ನಾನು ತಪ್ಪು ಕಾರಣ ಹೇಳಿ ಅದನ್ನು ಪಡೆದೆ.”

ಅಜ್ಜಿ ಒಂದು ಹಲಸಿನ ಬೀಜ ಎತ್ತಿಕೊಂಡು ನಿಧಾನವಾಗಿ ಅದರ ಸಿಪ್ಪೆ ತೆಗೆದರು. ನನಗೆ ಆ ಬೀಜ ಎಷ್ಟು ದೊಡ್ಡದಾಗಿ ಕಂಡಿತೆಂದು ಹೇಳಲಾರೆ. “ನೀವು ಸತ್ತಿದ್ದರೆ ತಪ್ಪಬೌದಿತ್ತ್,” ಎಂದರು. “ಸತ್ತವು ಕೇಳಿಕೆ ಬರ್ದಿಲ್ಲೆ. ಬದ್ಕಿದ್ದೀರಲ್ಲ. ದಿನಾ ನಿಮ್ಮ ಮೋರೆ ನೋಡೊಕು. ಈಗ ತಪ್ಪುದು ಹೇಂಗೆ?” ಆಮೇಲೆ ಗೋಡೆಯ ಕಡೆ ತಿರುಗಿ, ಕಾಫಿ ತಾ, ಮಡಿಕೇರಿಗೆ ಹೋಗುವವರು ಆರಿದ ಕಾಫಿ ಕೊಡುದಾ ಎಂದು ಕೂಗಿದರು.

ದೊಡ್ಡಪ್ಪ ಆ ವಾರ ಬಂದು, ಮಿಷನ್ನಿನವರು ನಾಟಕ ಮಾಡಿ ಮಾತು ಕಿತ್ತುಕೊಂಡರು ಎಂದು ಕೂಗಾಡಿದರಂತೆ. ಅಜ್ಜಿ, ನಾಟಕವಾದರೆ ಪಾಯಸ ಬಡಿಸಿದ್ದು ನಾನು ಎಂದು ಅವರ ಬಾಯಿ ಮುಚ್ಚಿಸಿದರು. ಮುಂದಿನ ಜೂನಿನಲ್ಲಿ ಅಪ್ಪ ನನ್ನ ಟ್ರಂಕನ್ನು ಹೊತ್ತು ಬಸ್ಸಿಗೆ ಹತ್ತಿಸಿದರು. ಮಡಿಕೇರಿಯ ಮಂಜು, ಹಾಸ್ಟೆಲಿನ ತಣ್ಣನೆಯ ನೀರು, ಆಮೇಲೆ ಮೈಸೂರು – ಅವೆಲ್ಲ ಬೇರೆ ಕಥೆ. ನನ್ನ ಹಿಂದೆ ಮನೆಯ ಇತರ ಹುಡುಗಿಯರೂ ಹೋದರು. ಒಮ್ಮೆ ತೆರೆದ ಬಾಗಿಲನ್ನು ಮುಚ್ಚುವ ಗೋಜಿಗೆ ಅಜ್ಜಿ ಹೋಗಲಿಲ್ಲ. ಮಿಸ್ಸಮ್ಮ ಅವತ್ತು ಕೊಟ್ಟದ್ದು ಯಾವುದನ್ನೂ ಹಿಂದಕ್ಕೆ ಪಡೆಯಲಿಲ್ಲ. ಶಾಲು ಸಲೋಮಕ್ಕನ ಹೆಗಲ ಮೇಲೆಯೇ ಹಳೆಯದಾಯಿತು. ವರ್ಗವಾಗಲಿಲ್ಲವಲ್ಲ, ಶಾಲು ವಾಪಸು ಕೊಡಬೇಕಾ ಎಂದು ಅವರು ಪ್ರತಿ ಮಳೆಗಾಲ ಕೇಳುತ್ತಿದ್ದರು, ಕೊಡುವ ಮನಸ್ಸಿಲ್ಲದೆ.

ಪ್ರತಿ ವರ್ಷ ಆಟಿ ಹದಿನೆಂಟಕ್ಕೆ ನಮ್ಮ ಮನೆಯಿಂದ ಬಂಗಲೆಗೆ ಪಾಯಸ ಹೋಗುವುದು ತಪ್ಪಲಿಲ್ಲ. ಮರುದಿನ ಗದ್ದೆಯ ಹುಣಿಯ ಮೇಲೆ ಎದುರಾದರೆ ಅಜ್ಜಿ, ಇವತ್ತ್ ಸಾಯುದುಟ್ಟಾ ಮಿಸ್ಸಮ್ಮ ಎಂದು ಕೇಳುವರು. ಈ ವರ್ಷವೂ ಪುರುಸೊತ್ತಿಲ್ಲ ಅಜ್ಜಿ ಎಂದು ಅವರು ಗಂಭೀರವಾಗಿ ಹೇಳುವರು. ಸುತ್ತ ಇದ್ದವರಿಗೆ ಅರ್ಥವಾಗುತ್ತಿರಲಿಲ್ಲ. ಆ ಇಬ್ಬರಿಗೂ ದೇವರ ವಿಷಯದಲ್ಲಿ ಒಪ್ಪಂದವಿರಲಿಲ್ಲ, ಅದನ್ನು ಮಾತಾಡುತ್ತಲೂ ಇರಲಿಲ್ಲ. ಹಸುಗಳಿದ್ದವು, ನಾನಿದ್ದೆ, ಈ ತಮಾಷೆಯಿತ್ತು. ಅಷ್ಟು ಸಾಕಾಗಿತ್ತು.

ಮಿಸ್ಸಮ್ಮ ಕೊಡಗು ಬಿಟ್ಟು ಹೋದದ್ದು ನಾನು ಎಂ.ಎ. ಮುಗಿಸಿದ ವರ್ಷ. ಹೊರದೇಶದವರು ಒಬ್ಬೊಬ್ಬರಾಗಿ ಹಿಂದಿರುಗುತ್ತಿದ್ದ ಕಾಲ. ಅವರ ಮೊಣಕಾಲುಗಳೂ ನಮ್ಮ ಮಳೆಯನ್ನು ತಾಳದಾಗಿದ್ದವು. ನಾಪೋಕ್ಲಿನ ಬಸ್ಸಿನ ಹತ್ತಿರ ಊರಿನ ಅರ್ಧ ಹೆಂಗಸರು ಸೇರಿದ್ದರು. ಅಜ್ಜಿಗೆ ಆಗ ಸೊಂಟ ಬಗ್ಗಿತ್ತು. ಅಪ್ಪನ ಕೈ ಹಿಡಿದು ಬಂದವರು ಮಿಸ್ಸಮ್ಮನ ಕೈಗೆ ಒಣಗಿಸಿದ ಮದ್ದು ಸೊಪ್ಪಿನ ಒಂದು ಪೊಟ್ಟಣ ಕೊಟ್ಟರು. ಒಣಗಿದರೆ ಅದಕ್ಕೆ ಬಣ್ಣವೂ ಇಲ್ಲ, ಪರಿಮಳವೂ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬಸ್ಸು ಹೊರಡುವಾಗ ಅಜ್ಜಿ ಕಿಟಕಿಯ ಸರಳು ಹಿಡಿದುಕೊಂಡರು. “ನಾ ಸತ್ತೆ ಹೇಳಿ ಸುದ್ದಿ ಬಂದರೆ ನಂಬ್ಬೇಡಿ ಮಿಸ್ಸಮ್ಮ. ಮುದುಕಿ ಪಾಯಸ ಒಂದು ಬಟ್ಲು ಹೆಚ್ಚು ತಿಂದುಟ್ಟು, ಹಂಗೆ ತಿಳ್ಕಣಿ.”

ಮಿಸ್ಸಮ್ಮ ಆ ಕೈಯ ಮೇಲೆ ಕೈಯಿಟ್ಟು ಹೇಳಿದರು. “ನನ್ನ ಸುದ್ದಿಗೂ ಅದೇ ಮಾತು ಅಜ್ಜಿ.”

ಅಜ್ಜಿಯ ಸುದ್ದಿ ಮೊದಲು ಬಂತು. ಕೊಯ್ಲಿನ ಪುತ್ತರಿ ಹಬ್ಬ ಮುಗಿದ ಮೇಲೆ, ಕಣದಲ್ಲಿ ಭತ್ತ ಇರುವಾಗಲೇ. ಅದನ್ನು ಮಿಸ್ಸಮ್ಮನಿಗೆ ತಿಳಿಸಿದವಳು ನಾನೇ. ಅವರ ಸುದ್ದಿ ಹೋದ ಚಳಿಗಾಲದಲ್ಲಿ ಸಲೋಮಕ್ಕನ ಕಡೆಯವರಿಂದ ಬಂತು. ಅವರ ಹಳ್ಳಿಯಲ್ಲಿ ಆಗ ಹಿಮ ಬೀಳುತ್ತಿತ್ತಂತೆ. ಶಾಲೆ ಈಗಿಲ್ಲ. ಬಂಗಲೆಯ ಹೆಂಚು ಇಳಿಸಿ, ಆ ಜಾಗದಲ್ಲಿ ಕಾಫಿ ಗಿಡ ಹಾಕಿದ್ದಾರೆ. ಕಬ್ಬಿಣದ ಗಂಟೆ ಎಲ್ಲಿ ಹೋಯಿತೋ ಗೊತ್ತಿಲ್ಲ. ದಿಬ್ಬದ ಮೇಲೆ ಮೊದಲ ಮಿಸ್ಸಮ್ಮನ ಕಲ್ಲು ಉಳಿದಿದೆ. ಊರಿಗೆ ಹೋದಾಗ ನಾನು ಚಿಪ್ಪು ತೆಗೆದುಕೊಂಡು ಹೋಗಿ ಅದರ ಹಾವಸೆ ಕೆರೆದು ಬರುತ್ತೇನೆ. ನಮ್ಮ ಮಿಸ್ಸಮ್ಮನ ಕಲ್ಲು ದೂರದಲ್ಲಿದೆ, ನಾನು ಹೋಗಲಾರೆ.

ಮೊನ್ನೆ ಅಕ್ಕಿ ಬೆಂದು, ಬೆಲ್ಲ ಕರಗಿ, ತೆಂಗಿನ ಹಾಲು ಬಿದ್ದ ಮೇಲೆ ಪಾಯಸ ಆ ಹಳೆಯ ನೇರಳೆ ಬಣ್ಣಕ್ಕೆ ಬಂತು. ಬಟ್ಟಲನ್ನು ದೀಪದ ಹತ್ತಿರ ಹಿಡಿದು ನೋಡಿದೆ. ಪಕ್ಕದ ಕೋಣೆಯ ಟೀಚರಿಗೆ ಒಂದು ಬಟ್ಟಲು ಕೊಟ್ಟೆ. ಅವರು ಧಾರವಾಡದ ಕಡೆಯವರು, ಹೊಸದಾಗಿ ಬಂದವರು. ಕೊಟ್ಟವಳು ಬಾಗಿಲಲ್ಲೇ ನಿಂತು, ಸಂಕೋಚವನ್ನು ನುಂಗಿಕೊಂಡು, ನಾಳೆ ಬೆಳಿಗ್ಗೆ ಗಾಬರಿಯಾಗಬೇಡಿ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ನಕ್ಕರು. ನಾನು ಎರಡನೆಯ ಸಲ ಹಾಕಿಕೊಂಡು ತಿಂದೆ.

ನಿನ್ನೆ ಬೆಳಿಗ್ಗೆ ಮದ್ದು ಹಿಡಿದದ್ದು ಗೊತ್ತಾಯಿತು. ಮುಖ ತೊಳೆದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಪುಸ್ತಕ ತೆಗೆದುಕೊಂಡು ಮೊದಲ ಗಂಟೆಯ ಪಾಠ ಮಾಡಲು ಹೊರಟೆ. ಅಜ್ಜಿ, ಮಿಸ್ಸಮ್ಮ, ಇಬ್ಬರ ಸುದ್ದಿಯನ್ನೂ ಆ ಒಂದು ದಿನದ ಮಟ್ಟಿಗೆ ನಂಬಲಿಲ್ಲ.